ಹುಡುಕುವುದೂ ಒಂದು ಸ್ಕಿಲ್: ಮಹಿಳಾ ವಿಷಯದ ಲೇಖನಗಳನ್ನು ಡೇಟಾಬೇಸ್‌ನಿಂದ ಹೊರತೆಗೆಯಲು 12 ಸೂತ್ರಗಳು

ಎಂ.ಎ. ಪ್ರಾಜೆಕ್ಟ್ ಇರಲಿ, ಪಿಎಚ್.ಡಿ. ಸಿನಾಪ್ಸಿಸ್ ಇರಲಿ, ಕೆಎಎಸ್ ಪ್ರಬಂಧದ ತಯಾರಿ ಇರಲಿ, ಎನ್‌ಜಿಒ ಕೆಲಸದ ವರದಿ ಇರಲಿ. ಮಹಿಳೆಯರ ಕುರಿತ ವಿಷಯ ಕೈಗೆ ಬಂದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಗೂಗಲ್‌ನಲ್ಲಿ ‘ವಿಮೆನ್ ಪ್ರಾಬ್ಲಮ್ಸ್ ಇನ್ ಇಂಡಿಯಾ’ ಎಂದು ಹೊಡೆದು, ಮೊದಲ ಪುಟದ ನಾಲ್ಕು ಲಿಂಕ್ ತೆರೆದು, ಕಾಪಿ ಪೇಸ್ಟ್. ಗೈಡ್ ಆ ವರದಿಯನ್ನು ಎರಡೇ ನಿಮಿಷದಲ್ಲಿ ಪಕ್ಕಕ್ಕಿಡುತ್ತಾರೆ. ಅವೇ ನಾಲ್ಕು ಲಿಂಕ್‌ಗಳನ್ನು ಅವರು ಹಿಂದಿನ ಬ್ಯಾಚ್‌ನಲ್ಲೂ ನೋಡಿರುತ್ತಾರೆ!

ನೀವು ಆ ಸಾಲಿನಲ್ಲಿ ನಿಲ್ಲಬೇಡಿ. ಜೆಸ್ಟೋರ್, ಶೋಧಗಂಗಾ, ಗೂಗಲ್ ಸ್ಕಾಲರ್‌ನಂಥ ಡೇಟಾಬೇಸ್‌ಗಳ ಒಳಗೆ ಐವತ್ತು ವರ್ಷಗಳ ಗಟ್ಟಿ ಬರಹ ಕೂತಿದೆ. ಅದನ್ನು ಹೊರತೆಗೆಯುವುದಕ್ಕೆ ವಿಶೇಷ ಬುದ್ಧಿ ಬೇಕಿಲ್ಲ, ಒಂದು ಪದ್ಧತಿ ಬೇಕು. ಆ ಪದ್ಧತಿ ಇಲ್ಲಿದೆ.

1. ಮೊದಲು ಪ್ರಶ್ನೆ ಬರೆಯಿರಿ, ಆಮೇಲೆ ಕೀಬೋರ್ಡ್ ಮುಟ್ಟಿ

‘ಮಹಿಳೆ ಮತ್ತು ಉದ್ಯೋಗ’ ಎಂದು ಹುಡುಕಿದರೆ ಲಕ್ಷ ಫಲಿತಾಂಶ ಬರುತ್ತದೆ, ಕೈಗೆ ಒಂದೂ ಸಿಗುವುದಿಲ್ಲ. ಯಾರು, ಎಲ್ಲಿ, ಯಾವಾಗ, ಏನು ಎಂಬ ನಾಲ್ಕಕ್ಕೂ ಉತ್ತರ ಇರುವ ಒಂದು ವಾಕ್ಯ ಬರೆಯಿರಿ. ಉದಾಹರಣೆಗೆ: ‘2000ದ ನಂತರ ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಚಿಕ್ಕ ಮಕ್ಕಳಿರುವ ಕೆಲಸಗಾರ್ತಿಯರು ಕೆಲಸ ಉಳಿಸಿಕೊಳ್ಳುವುದು ಹೇಗೆ?’ ವಾಕ್ಯ ಬರೆಯಲು ಆಗುತ್ತಿಲ್ಲವೇ? ಹಾಗಾದರೆ ವಿಷಯ ಇನ್ನೂ ನಿಮಗೇ ಸ್ಪಷ್ಟವಾಗಿಲ್ಲ. ಡೇಟಾಬೇಸ್‌ಗೆ ಅದು ಸ್ಪಷ್ಟವಾಗುವುದು ಹೇಗೆ? ಹತ್ತು ನಿಮಿಷ ಕೊಡಿ, ಬರೆದು ಮುಗಿಸಿ.

2. ಪ್ರಶ್ನೆಯ ಪ್ರತಿ ತುಂಡಿಗೂ ಪರ್ಯಾಯ ಪದ ಹುಡುಕಿ

ಡೇಟಾಬೇಸ್‌ಗೆ ಅರ್ಥ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ನೀವು ‘ಗಾರ್ಮೆಂಟ್’ ಎಂದು ಹುಡುಕಿದರೆ ‘ಅಪಾರೆಲ್’ ಎಂದು ಬರೆದವರ ಲೇಖನ ತಪ್ಪಿಹೋಗುತ್ತದೆ. ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಗಾರ್ಮೆಂಟ್, ಅಪಾರೆಲ್, ರೆಡಿಮೇಡ್, ಕ್ಲೋದಿಂಗ್. ಎರಡನೆಯದರಲ್ಲಿ ವಿಮೆನ್ ವರ್ಕರ್ಸ್, ಫೀಮೇಲ್ ಲೇಬರ್, ವರ್ಕಿಂಗ್ ಮದರ್ಸ್. ಮೂರನೆಯದರಲ್ಲಿ ಕ್ರೆಶ್, ಚೈಲ್ಡ್‌ಕೇರ್, ಮೆಟರ್ನಿಟಿ, ಕೇರ್ ವರ್ಕ್. ನಾಲ್ಕನೆಯದರಲ್ಲಿ ಬ್ಯಾಂಗಲೋರ್, ಬೆಂಗಳೂರು, ಕರ್ನಾಟಕ, ರಾಮನಗರ, ಮಂಡ್ಯ.

ಸ್ಪೆಲಿಂಗ್ ಬಗ್ಗೆಯೂ ಎಚ್ಚರ ಇರಲಿ. ‘ಲೇಬರ್’ ಪದಕ್ಕೆ ಬ್ರಿಟಿಷರು ಒಂದು ‘ಯು’ ಸೇರಿಸುತ್ತಾರೆ, ಅಮೆರಿಕನ್ನರು ಬಿಡುತ್ತಾರೆ. ನಮ್ಮ ‘ಸ್ತ್ರೀ ಶಕ್ತಿ’ ಯೋಜನೆಯನ್ನು ಒಬ್ಬರು ಬರೀ ‘ಟಿ’ ಹಾಕಿ ಬರೆದರೆ ಇನ್ನೊಬ್ಬರು ‘ಟಿ-ಎಚ್’ ಹಾಕಿ ಬರೆಯುತ್ತಾರೆ. ಎರಡನ್ನೂ ಪಟ್ಟಿಗೆ ಸೇರಿಸಿ.

ಕಾನೂನಿನ ಹೆಸರು ಗೊತ್ತಿದ್ದರೆ ಇನ್ನೂ ಒಳ್ಳೆಯದು. 1948ರ ಫ್ಯಾಕ್ಟರಿ ಕಾಯ್ದೆಯ 48ನೇ ಸೆಕ್ಷನ್ ಕ್ರೆಶ್ ಕುರಿತದ್ದಾಗಿತ್ತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, 50 ಅಥವಾ ಹೆಚ್ಚು ನೌಕರರಿರುವ ಕಡೆ ಕ್ರೆಶ್ ಕಡ್ಡಾಯವಾಯಿತು. ಈ ಸಂಖ್ಯೆಗಳನ್ನೇ ಸರ್ಚ್ ಪದವಾಗಿ ಬಳಸಿ. ವಿಷಯ ಬಲ್ಲವರು ಬರೆದ ಲೇಖನಗಳು ಮೇಲೆ ಬರುತ್ತವೆ.

3. ಹಳೆಯ ಹೆಸರು ಕಲಿಯಿರಿ

ಈ ಪಟ್ಟಿಯಲ್ಲಿ ಒಂದನ್ನೇ ಪಾಲಿಸುತ್ತೀರಿ ಎಂದಾದರೆ ಇದನ್ನು ಪಾಲಿಸಿ. ಮಹಿಳಾ ವಿಷಯದಲ್ಲಿ ಸಮಸ್ಯೆ ಅಲ್ಲೇ ಇರುತ್ತದೆ, ಅದರ ಹೆಸರು ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ. ಇಂದು ‘ಸ್ಟ್ರೀಟ್ ಹರಾಸ್‌ಮೆಂಟ್’ ಎನ್ನುವುದನ್ನು 1980ರ ದಶಕದ ಲೇಖಕರು ‘ಈವ್ ಟೀಸಿಂಗ್’ ಎಂದು ಬರೆದರು. ಆ ಪದ ನಿಮಗೆ ಇಷ್ಟವಿಲ್ಲದಿರಬಹುದು, ನನಗೂ ಇಲ್ಲ. ಆದರೆ ಅದನ್ನು ಟೈಪ್ ಮಾಡದಿದ್ದರೆ ಇಡೀ ಒಂದು ದಶಕದ ಚರ್ಚೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಹಾಗೆಯೇ ‘ಫೀಮೇಲ್ ಫೀಟಿಸೈಡ್’ ಜೊತೆಗೆ ‘ಸೆಕ್ಸ್ ಸೆಲೆಕ್ಷನ್’ ಹಾಕಿ, 1990ರಲ್ಲಿ ಅಮರ್ತ್ಯ ಸೇನ್ ಅವರ ಪ್ರಬಂಧದಿಂದ ಪ್ರಚಾರಕ್ಕೆ ಬಂದ ‘ಮಿಸ್ಸಿಂಗ್ ವಿಮೆನ್’ ಕೂಡ ಹಾಕಿ.

ಕಾನೂನಿನ ಸೆಕ್ಷನ್‌ಗಳೂ ಬದಲಾಗಿವೆ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಸಂಬಂಧಿಸಿದ ಐಪಿಸಿ 498-ಎ ಸೇರಿದ್ದು 1983ರಲ್ಲಿ, ವರದಕ್ಷಿಣೆ ಸಾವಿನ 304-ಬಿ ಬಂದದ್ದು 1986ರಲ್ಲಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ ಅವು ಕ್ರಮವಾಗಿ 85 ಮತ್ತು 80 ಆಗಿವೆ. ಹೊಸ ನಂಬರ್ ಮಾತ್ರ ಹಾಕಿದರೆ ನಲವತ್ತು ವರ್ಷ ಹೋಯಿತು, ಹಳೆಯದು ಮಾತ್ರ ಹಾಕಿದರೆ ಈಚಿನದು ಹೋಯಿತು.

ಊರಿನ ಹೆಸರುಗಳದೂ ಇದೇ ಕಥೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಬೆಳಗಾವಿಯ ದೇವದಾಸಿ ಮಹಿಳೆಯರ ಕುರಿತು 1990ರ ದಶಕದಲ್ಲಿ ಬರೆದವರು ‘ಬೆಳ್‌ಗಾಂ’ ಎಂದೇ ಬರೆದರು, ವಿಜಯಪುರವನ್ನು ‘ಬಿಜಾಪುರ್’ ಎಂದರು. 1973ಕ್ಕಿಂತ ಹಿಂದಿನ ಲೇಖನವಾದರೆ ‘ಕರ್ನಾಟಕ’ದ ಬದಲು ‘ಮೈಸೂರ್ ಸ್ಟೇಟ್’ ಹಾಕಿ ನೋಡಿ.

ಇನ್ನೊಂದು ಉದಾಹರಣೆ, ನಮ್ಮದೇ ರಾಜ್ಯದ್ದು. ಪಂಚಾಯಿತಿಗಳ ಕುರಿತ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಮೊದಲೇ ಕರ್ನಾಟಕದಲ್ಲಿ 1983ರ ಕಾಯ್ದೆಯಡಿ 1987ರಲ್ಲಿ ನಡೆದ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಾಗಿತ್ತು. ಆಗ ಇದ್ದದ್ದು ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತು. ‘ಗ್ರಾಮ ಪಂಚಾಯತ್ ವಿಮೆನ್ ಕರ್ನಾಟಕ’ ಎಂದು ಎಷ್ಟೇ ಹುಡುಕಿದರೂ ಆ ಮೊದಲ ತಲೆಮಾರಿನ ಸದಸ್ಯೆಯರು ಸಿಗಲಾರರು. ‘ಮಂಡಲ್ ಪಂಚಾಯತ್’ ಎಂದು ಹೊಡೆಯಿರಿ.

4. ಆಂಡ್, ಆರ್, ಉದ್ಧರಣ ಚಿಹ್ನೆ, ನಕ್ಷತ್ರ: ನಾಲ್ಕೂ ಇವತ್ತೇ ಕಲಿಯಿರಿ

ಒಂದೇ ಕಾಲಂನ ಪದಗಳ ನಡುವೆ ‘ಆರ್’ ಹಾಕಿ, ಆವರಣದೊಳಗೆ ಇಡಿ. ಕಾಲಂ ಮತ್ತು ಕಾಲಂ ನಡುವೆ ‘ಆಂಡ್’ ಹಾಕಿ. ಎರಡನ್ನೂ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲೇ ಟೈಪ್ ಮಾಡಿ, ಇಲ್ಲವಾದರೆ ಕೆಲವು ಡೇಟಾಬೇಸ್‌ಗಳು ಅವನ್ನು ಸಾಮಾನ್ಯ ಪದ ಎಂದು ಬದಿಗೊತ್ತುತ್ತವೆ. ಎರಡು ಮೂರು ಪದ ಒಟ್ಟಿಗೇ ಬರಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ಪದದ ಬುಡಕ್ಕೆ ನಕ್ಷತ್ರ ಚಿಹ್ನೆ ಸೇರಿಸಿದರೆ ಜೆಸ್ಟೋರ್‌ನಂಥ ಕಡೆ ‘ಫೆಮಿನಿಸ್ಟ್’, ‘ಫೆಮಿನಿಸಂ’ ಎರಡೂ ಒಟ್ಟಿಗೆ ಬರುತ್ತವೆ. ಗೂಗಲ್ ಸ್ಕಾಲರ್‌ನಲ್ಲಿ ಈ ನಕ್ಷತ್ರದ ಆಟ ನಡೆಯುವುದಿಲ್ಲ, ಅಲ್ಲಿ ಪದಗಳನ್ನು ಬಿಡಿಬಿಡಿಯಾಗಿ ‘ಆರ್’ ಹಾಕಿ ಬರೆಯಿರಿ.

‘ನಾಟ್’ ಮಾತ್ರ ಹುಷಾರಾಗಿ ಬಳಸಿ. ಗಾರ್ಮೆಂಟ್ ಕೆಲಸಗಾರ್ತಿಯರ ಬಗ್ಗೆ ಹುಡುಕಿದರೆ ಢಾಕಾ ಕುರಿತ ಲೇಖನಗಳೇ ಎದುರಿಗೆ ನಿಲ್ಲುತ್ತವೆ, 2013ರಲ್ಲಿ ರಾಣಾ ಪ್ಲಾಜಾ ಗಾರ್ಮೆಂಟ್ ಕಟ್ಟಡ ಕುಸಿದ ದುರಂತದ ನಂತರ ಅಲ್ಲಿಯ ಬಗ್ಗೆ ಅಷ್ಟು ಬರೆಯಲಾಗಿದೆ. ಸಿಟ್ಟಿಗೆದ್ದು ‘ನಾಟ್ ಬಾಂಗ್ಲಾದೇಶ್’ ಎಂದು ಹಾಕಿಬಿಟ್ಟರೆ ಬೆಂಗಳೂರು ಮತ್ತು ಢಾಕಾವನ್ನು ಹೋಲಿಸಿ ಬರೆದ ಲೇಖನವೂ ಅದರ ಜೊತೆಗೇ ಹೋಗುತ್ತದೆ. ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತಿದ್ದದ್ದು ಬಹುಶಃ ಅದೇ! ಬೇಡದ್ದನ್ನು ಕಳೆಯುವ ಬದಲು ಬೇಕಾದ್ದನ್ನು ಸೇರಿಸಿ, ‘ಆಂಡ್ ಕರ್ನಾಟಕ’ ಎಂದು ಹಾಕಿ.

5. ಸರಿಯಾದ ಬಾಗಿಲು ತಟ್ಟಿ

ಎಲ್ಲ ಡೇಟಾಬೇಸ್‌ಗಳಲ್ಲೂ ಎಲ್ಲವೂ ಇರುವುದಿಲ್ಲ. ಪ್ರೊಕ್ವೆಸ್ಟ್‌ನ ಜೆಂಡರ್‌ವಾಚ್, ಎಬ್ಸ್ಕೊದ ಜೆಂಡರ್ ಸ್ಟಡೀಸ್ ಡೇಟಾಬೇಸ್ ಇದೇ ವಿಷಯಕ್ಕೆಂದು ಕಟ್ಟಿದವು. ಆದರೆ ಇವಕ್ಕೆ ಚಂದಾ ಬೇಕು, ನಿಮ್ಮ ವಿಶ್ವವಿದ್ಯಾಲಯದಲ್ಲಿ ಇವೆಯೇ ಎಂದು ಲೈಬ್ರರಿಯನ್‌ರನ್ನು ಕೇಳಿ. ಜೆಸ್ಟೋರ್‌ನಲ್ಲಿ ‘ಸೈನ್ಸ್’ (1975ರಿಂದ ಬರುತ್ತಿರುವ ಸ್ತ್ರೀವಾದಿ ಪತ್ರಿಕೆ, ವಿಜ್ಞಾನದ್ದಲ್ಲ), ‘ಫೆಮಿನಿಸ್ಟ್ ಸ್ಟಡೀಸ್’ನಂಥ ಹೆಸರಾಂತ ಜರ್ನಲ್‌ಗಳ ಹಳೆಯ ಸಂಚಿಕೆಗಳಿವೆ.

ಭಾರತದ ವಿಷಯವಾದರೆ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಬಿಡಲೇಬೇಡಿ. 1985ರಲ್ಲಿ ಶುರುವಾದ ಅದರ ‘ರಿವ್ಯೂ ಆಫ್ ವಿಮೆನ್ಸ್ ಸ್ಟಡೀಸ್’ ವಿಭಾಗವೊಂದನ್ನೇ ಸಾಲಾಗಿ ನೋಡಿದರೂ ಒಂದು ಸಾಹಿತ್ಯ ಸಮೀಕ್ಷೆಯ ಅರ್ಧ ಕೆಲಸ ಮುಗಿಯುತ್ತದೆ. ದೆಹಲಿಯ ಸೆಂಟರ್ ಫಾರ್ ವಿಮೆನ್ಸ್ ಡೆವಲಪ್‌ಮೆಂಟ್ ಸ್ಟಡೀಸ್ 1994ರಿಂದ ನಡೆಸುತ್ತಿರುವ ‘ಇಂಡಿಯನ್ ಜರ್ನಲ್ ಆಫ್ ಜೆಂಡರ್ ಸ್ಟಡೀಸ್’ ಎರಡನೆಯ ನಿಲ್ದಾಣ. ಬದುಕಿನ ಕಥೆ, ಫೋಟೊ, ಮೌಖಿಕ ಇತಿಹಾಸ ಬೇಕಾದವರು ಮುಂಬೈನ ಸ್ಪ್ಯಾರೋ ಸಂಗ್ರಹದತ್ತ ನೋಡಿ.

ಶೋಧಗಂಗಾದ ಗುಟ್ಟೊಂದು ಹೇಳುತ್ತೇನೆ. ಅಲ್ಲಿ ಪಿಎಚ್.ಡಿ. ಪ್ರಬಂಧಗಳು ಅಧ್ಯಾಯಕ್ಕೊಂದು ಪಿಡಿಎಫ್‌ನಂತೆ ಬಿಡಿಬಿಡಿಯಾಗಿರುತ್ತವೆ. ಮೊದಲ ಅಧ್ಯಾಯ ತೆರೆಯಬೇಡಿ, ಕೊನೆಯ ‘ಬಿಬ್ಲಿಯಾಗ್ರಫಿ’ ಫೈಲ್ ತೆರೆಯಿರಿ. ಯಾರೋ ಮೂರ್ನಾಲ್ಕು ವರ್ಷ ಕೂತು ಮಾಡಿದ ಪಟ್ಟಿ ನಿಮಗೆ ಪುಕ್ಕಟೆ ಸಿಗುತ್ತದೆ.

6. ‘ದುಡ್ಡು ಕೇಳುತ್ತಿದೆ’ ಎಂದು ವಾಪಸ್ ಬರಬೇಡಿ

ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಇದರ ವ್ಯಾಪ್ತಿಯಲ್ಲಿ 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿವೆ. ನೀವು ಸರ್ಕಾರಿ ಕಾಲೇಜಿನಲ್ಲೋ ವಿಶ್ವವಿದ್ಯಾಲಯದಲ್ಲೋ ಇದ್ದರೆ ನಾಳೆಯೇ ಲೈಬ್ರರಿಗೆ ಹೋಗಿ ‘ನಮಗೆ ಇದರ ಲಾಗಿನ್ ಇದೆಯೇ?’ ಎಂದು ಕೇಳಿ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.

ಸಂಸ್ಥೆಯ ನೆರವಿಲ್ಲದವರು ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆಯಿರಿ, ತಿಂಗಳಿಗೆ 100 ಲೇಖನ ಆನ್‌ಲೈನ್‌ನಲ್ಲಿ ಓದಬಹುದು. ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗಿರುವ ‘ಆಲ್ ವರ್ಷನ್ಸ್’ ಒತ್ತಿ, ಎಷ್ಟೋ ಸಲ ಲೇಖಕರೇ ಹಾಕಿದ ಪಿಡಿಎಫ್ ಸಿಗುತ್ತದೆ. ಅದೂ ಇಲ್ಲವೇ? ಲೇಖಕರಿಗೆ ಐದು ಸಾಲಿನ ಇಮೇಲ್ ಬರೆಯಿರಿ. ತಮ್ಮ ಲೇಖನ ಓದಲು ಬಯಸುವವರು ಇದ್ದಾರೆ ಎಂದು ತಿಳಿದರೆ ಬಹುತೇಕ ಪ್ರಾಧ್ಯಾಪಕರಿಗೆ ಖುಷಿಯೇ.

7. ವರ್ಷ ನೋಡದೆ ಒಂದು ಸಾಲನ್ನೂ ಉಲ್ಲೇಖಿಸಬೇಡಿ

2018ರ ಸುಮಾರಿಗೆ ಬಂದ ಲೇಖನ ತೆರೆಯಿರಿ, ‘ಭಾರತದಲ್ಲಿ ದುಡಿಯುವ ಮಹಿಳೆಯರ ಪ್ರಮಾಣ ಕುಸಿಯುತ್ತಿದೆ’ ಎನ್ನುತ್ತದೆ. ಈಚಿನದು ತೆರೆಯಿರಿ, ‘ಏರುತ್ತಿದೆ’ ಎನ್ನುತ್ತದೆ. ಎರಡೂ ಸರಿ. 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಮಹಿಳೆಯರ ಕಾರ್ಮಿಕ ಪಾಲ್ಗೊಳ್ಳುವಿಕೆ ಸರ್ಕಾರದ ಪಿಎಲ್‌ಎಫ್‌ಎಸ್ ಸಮೀಕ್ಷೆಯ ಪ್ರಕಾರ 2017-18ರಲ್ಲಿ ಶೇ 23.3 ಇತ್ತು, 2023-24ರಲ್ಲಿ ಶೇ 41.7 ಆಯಿತು. ಈ ಏರಿಕೆಯಲ್ಲಿ ದೊಡ್ಡ ಪಾಲು ಹಳ್ಳಿಗಳಲ್ಲಿನ ಸ್ವಂತ ದುಡಿಮೆಯದು, ಸಂಬಳದ ನೌಕರಿಯದಲ್ಲ. ಹಳೆಯ ಲೇಖನವನ್ನು ಇಂದಿನ ಸತ್ಯ ಎಂದು ಬರೆದರೆ ವೈವಾದಲ್ಲಿ ಮೊದಲ ಪ್ರಶ್ನೆಯೇ ಅದಾಗಿರುತ್ತದೆ. ಡೇಟ್ ಫಿಲ್ಟರ್ ಹಾಕಿ ಎರಡು ಸಲ ಹುಡುಕಿ: ಒಮ್ಮೆ ಕಳೆದ ಐದು ವರ್ಷಕ್ಕೆ, ಒಮ್ಮೆ ಅದಕ್ಕೂ ಹಿಂದಿನದಕ್ಕೆ.

8. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಬೆನ್ನು ಬಿಡಬೇಡಿ

ಅದರ ಕೊನೆಯ ಆಕರಪಟ್ಟಿ ನಿಮ್ಮನ್ನು ಹಿಂದಕ್ಕೆ ಒಯ್ಯುತ್ತದೆ. ಗೂಗಲ್ ಸ್ಕಾಲರ್‌ನ ‘ಸೈಟೆಡ್ ಬೈ’ ಮುಂದಕ್ಕೆ ಒಯ್ಯುತ್ತದೆ. ಪಂಚಾಯಿತಿಯಲ್ಲಿ ಮಹಿಳಾ ಮೀಸಲಾತಿಯ ಪರಿಣಾಮದ ಬಗ್ಗೆ ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ‘ಇಕಾನೊಮೆಟ್ರಿಕಾ’ದಲ್ಲಿ ಬರೆದ ಲೇಖನ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಹಳ್ಳಿಗಳದು. ನಿಮ್ಮ ವಿಷಯ ಕೊಪ್ಪಳವೇ? ಚಿಂತೆ ಬೇಡ. ‘ಸೈಟೆಡ್ ಬೈ’ ಒತ್ತಿ, ‘ಸರ್ಚ್ ವಿದಿನ್ ಸೈಟಿಂಗ್ ಆರ್ಟಿಕಲ್ಸ್’ ಟಿಕ್ ಮಾಡಿ, ‘ಕರ್ನಾಟಕ’ ಎಂದು ಟೈಪ್ ಮಾಡಿ. ಸಾವಿರಾರು ಉಲ್ಲೇಖಗಳ ರಾಶಿಯಿಂದ ನಿಮಗೆ ಬೇಕಾದಷ್ಟು ಮಾತ್ರ ಉಳಿಯುತ್ತದೆ. ಭಾರತದ ಮಹಿಳಾ ಅಧ್ಯಯನಕ್ಕೆ ದಾರಿ ತೆರೆದ 1974ರ ‘ಟುವರ್ಡ್ಸ್ ಈಕ್ವಾಲಿಟಿ’ ವರದಿಯಿಂದಲೂ ಇದೇ ಆಟ ಶುರು ಮಾಡಬಹುದು.

9. ಅಂಕಿ ಕಂಡಾಗ ‘ಯಾಕೆ?’ ಎಂದು ಕೇಳಿ, ಮತ್ತೆ ಹುಡುಕಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ(ಎನ್‌ಎಫ್‌ಎಚ್‌ಎಸ್)ಯ ನಾಲ್ಕನೇ ಸುತ್ತಿನಲ್ಲಿ (2015-16) ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ವಿವಾಹಿತೆಯರು ಶೇ 20.6. ಐದನೇ ಸುತ್ತಿನಲ್ಲಿ (2019-21) ಶೇ 44.4. ನಾಲ್ಕೈದು ವರ್ಷದಲ್ಲಿ ಎರಡು ಪಟ್ಟು! ಸೋಮಾರಿ ಬರಹಗಾರ ಈ ಅಂಕಿ ಹಾಕಿ ಆಶ್ಚರ್ಯಸೂಚಕ ಚಿಹ್ನೆ ಇಟ್ಟು ಮುಂದೆ ಹೋಗುತ್ತಾನೆ. ನೀವು ನಿಲ್ಲಿ. ಹಿಂಸೆಯೇ ಹೆಚ್ಚಾಯಿತೇ? ಹೇಳಿಕೊಳ್ಳುವ ಧೈರ್ಯ ಹೆಚ್ಚಾಯಿತೇ? ಪ್ರಶ್ನೆ ಕೇಳಿದ ರೀತಿ ಬದಲಾಯಿತೇ? ‘ಸ್ಪೌಸಲ್ ವಯಲೆನ್ಸ್’, ‘ಅಂಡರ್ ರಿಪೋರ್ಟಿಂಗ್’, ‘ಎನ್‌ಎಫ್‌ಎಚ್‌ಎಸ್’ ಮೂರನ್ನೂ ‘ಆಂಡ್’ ಹಾಕಿ ಹುಡುಕಿ. ಅಂಕಿ ಎಲ್ಲರ ಹತ್ತಿರವೂ ಇರುತ್ತದೆ. ವಿವರಣೆ ಇರುವವರಿಗೆ ಮಾರ್ಕ್ಸ್ ಹೆಚ್ಚು.

10. ಕನ್ನಡದಲ್ಲಿ ಹುಡುಕುವುದನ್ನು ಕಲಿಯಿರಿ, ಇಲ್ಲಿ ಪೈಪೋಟಿ ಕಡಿಮೆ

ಇಂಗ್ಲಿಷ್ ಡೇಟಾಬೇಸ್‌ಗಳಿಗೆ ಸಿಗದ ಸರಕು ಕನ್ನಡದಲ್ಲಿ ರಾಶಿ ಇದೆ. ನಂಜನಗೂಡು ತಿರುಮಲಾಂಬ ಅವರ ‘ಕರ್ನಾಟಕ ನಂದಿನಿ’ಯಿಂದ ವಿಜಯಾ ದಬ್ಬೆಯವರ ಸ್ತ್ರೀವಾದಿ ವಿಮರ್ಶೆಯವರೆಗೆ ಒಂದು ದೊಡ್ಡ ಪರಂಪರೆಯೇ ಇದೆ. ಅದನ್ನು ತಲುಪಲು ಮೂರು ಅಡಚಣೆ, ಮೂರಕ್ಕೂ ಮದ್ದಿದೆ.

ಮೊದಲನೆಯದು ಪದರೂಪ. ‘ಮಹಿಳೆ’ ಎಂದು ಹುಡುಕಿದರೆ ‘ಮಹಿಳಾ’ ಸಿಗುವುದು ಖಾತರಿಯಿಲ್ಲ. ನಕ್ಷತ್ರ ಚಿಹ್ನೆ ನಡೆಯುವ ಕಡೆ ‘ಮಹಿಳ’ದ ಮುಂದೆ ಅದನ್ನು ಹಾಕಿ. ನಡೆಯದ ಕಡೆ ಮಹಿಳೆ, ಮಹಿಳಾ, ಮಹಿಳೆಯರ, ಸ್ತ್ರೀ, ಹೆಣ್ಣು ಎಂದು ಬಿಡಿಬಿಡಿಯಾಗಿ ಹುಡುಕಿ.

ಎರಡನೆಯದು ಫಾಂಟ್. ಹಳೆಯ ಪಿಡಿಎಫ್‌ಗಳಲ್ಲಿ ಅನೇಕವು ಯುನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟ್‌ಗಳಲ್ಲಿವೆ. ಕಣ್ಣಿಗೆ ಕನ್ನಡ ಕಂಡರೂ ಕಂಪ್ಯೂಟರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಪಿಡಿಎಫ್ ಒಳಗೆ ಸರ್ಚ್ ಹೊಡೆದು ‘ಏನೂ ಇಲ್ಲ’ ಎಂದು ಬಂದರೆ ನಂಬಬೇಡಿ, ಪರಿವಿಡಿ ತೆರೆದು ಕಣ್ಣಿನಿಂದ ನೋಡಿ.

ಮೂರನೆಯದು ಲಿಪ್ಯಂತರ. ಶೋಧಗಂಗಾದಲ್ಲಿ ಕನ್ನಡ ಪ್ರಬಂಧಗಳ ಶೀರ್ಷಿಕೆಯನ್ನು ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದಲ್ಲಿ ತುಂಬಿರುತ್ತಾರೆ. ಆದ್ದರಿಂದ ‘ಕಾದಂಬರಿ’, ‘ಮಹಿಳೆ’, ‘ಸ್ತ್ರೀವಾದ’ ಎಂಬ ಪದಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಂಗ್ಲಿಷ್ ಹೊಡೆಯುವಂತೆ ಟೈಪ್ ಮಾಡಿ ನೋಡಿ. ಒಂದು ಪದಕ್ಕೆ ಎರಡು ಮೂರು ಸ್ಪೆಲಿಂಗ್ ಪ್ರಯತ್ನಿಸಿ. ಅಂತೂ ವಾಟ್ಸ್‌ಆ್ಯಪ್ ಅಭ್ಯಾಸ ಒಂದು ಕಡೆ ಉಪಯೋಗಕ್ಕೆ ಬಂತು.

11. ಸಿಕ್ಕಿದ್ದನ್ನು ಅವತ್ತೇ ದಾಖಲಿಸಿ

ಝೊಟೆರೊ ಇನ್‌ಸ್ಟಾಲ್ ಮಾಡಿ, ಉಚಿತ. ಬ್ರೌಸರ್‌ನಲ್ಲಿ ಒಂದು ಕ್ಲಿಕ್‌ಗೆ ಲೇಖಕರ ಹೆಸರು, ವರ್ಷ, ಪುಟ ಎಲ್ಲ ಸೇವ್ ಆಗುತ್ತದೆ. ಯಾವ ಡೇಟಾಬೇಸ್‌ನಲ್ಲಿ, ಯಾವ ಪದ ಹಾಕಿ, ಯಾವ ತಾರೀಖಿಗೆ ಹುಡುಕಿದಿರಿ ಎಂಬುದನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆಯಿರಿ. ಸಂಶೋಧನಾ ವಿಧಾನದ ಅಧ್ಯಾಯಕ್ಕೆ ಅದೇ ಕಚ್ಚಾ ಸಾಮಗ್ರಿ.

ಚಾಟ್‌ಬಾಟ್‌ಗೆ ‘ಈ ವಿಷಯದ ಹತ್ತು ಲೇಖನ ಹೇಳು’ ಎಂದು ಕೇಳಿ, ಅದು ಕೊಟ್ಟ ಪಟ್ಟಿಯನ್ನು ಹಾಗೇ ಸೇರಿಸಿಬಿಡಬೇಡಿ. ಇಲ್ಲದ ಲೇಖನಕ್ಕೂ ಅದು ಅಂದವಾದ ಶೀರ್ಷಿಕೆ, ವರ್ಷ ಕಟ್ಟಿಕೊಡಬಲ್ಲದು. ಪರ್ಯಾಯ ಪದಗಳ ಪಟ್ಟಿ ಬೇಕಾದರೆ ಕೇಳಿ. ಲೇಖನ ಇದೆಯೋ ಇಲ್ಲವೋ ಎಂಬುದನ್ನು ಡೇಟಾಬೇಸ್‌ನಲ್ಲೇ ನೋಡಿ.

12. ‘ನನ್ನ ಇಂಗ್ಲಿಷ್ ವೀಕ್’ ಎನ್ನುವ ಅಭ್ಯಾಸ ಇವತ್ತೇ ಬಿಡಿ

ಇದು ಒಂದು ರೂಢಿ, ಬೇರೆ ರೂಢಿಯಂತೆಯೇ ಬಿಡಿಸಬಹುದು. ಮೂವತ್ತು ಪುಟದ ಲೇಖನವನ್ನು ಮೊದಲ ಸಾಲಿನಿಂದ ಓದಲು ಕೂತರೆ ಯಾರಿಗಾದರೂ ಭಯವೇ. ಅಬ್‌ಸ್ಟ್ರಾಕ್ಟ್ ಓದಿ, ಆಮೇಲೆ ಕೊನೆಯ ಎರಡು ಪ್ಯಾರಾ, ಆಮೇಲೆ ಟೇಬಲ್‌ಗಳು. ಲೇಖನ ನಿಮಗೆ ಬೇಕೋ ಬೇಡವೋ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಬೇಕಾದ ಐದನ್ನು ಮಾತ್ರ ಪೂರ್ತಿ ಓದಿ. ಮಹಿಳಾ ಅಧ್ಯಯನದ ಇಂಗ್ಲಿಷ್‌ನಲ್ಲಿ ಮತ್ತೆ ಮತ್ತೆ ಬರುವ ಪದಗಳು ಹೆಚ್ಚೇನಿಲ್ಲ: ಏಜೆನ್ಸಿ, ಪೇಟ್ರಿಯಾರ್ಕಿ, ಅನ್‌ಪೇಯ್ಡ್ ವರ್ಕ್, ಇಂಟರ್‌ಸೆಕ್ಷನಾಲಿಟಿ. ದಿನಕ್ಕೆ ಎರಡರಂತೆ ಅರ್ಥ ಬರೆದುಕೊಳ್ಳಿ.

ನಿಮ್ಮ ಪ್ರಬಂಧ ಮುಗಿದ ದಿನ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಅಪ್‌ಲೋಡ್ ಮಾಡುವಾಗ ಕೀವರ್ಡ್ ಕಾಲಂ ಖಾಲಿ ಬಿಡಬೇಡಿ. ಶೀರ್ಷಿಕೆಯನ್ನು ಯುನಿಕೋಡ್ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಹಾಕಿ, ಊರಿನ ಹಳೆಯ ಮತ್ತು ಹೊಸ ಹೆಸರು ಎರಡನ್ನೂ ಸೇರಿಸಿ, ಅಬ್‌ಸ್ಟ್ರಾಕ್ಟ್ ಎರಡೂ ಭಾಷೆಯಲ್ಲಿ ಕೊಡಿ. ನಿಮ್ಮ ನಂತರ ಇದೇ ವಿಷಯ ಹಿಡಿಯುವ ವಿದ್ಯಾರ್ಥಿನಿಗೆ ನಿಮ್ಮ ಪ್ರಬಂಧ ಮೊದಲ ಸರ್ಚ್‌ನಲ್ಲೇ ಸಿಗಬೇಕು.